ಐದೂವರೆ ಲಕ್ಷದಲ್ಲೇ ನಿಂತ ಕೊಡಗು

ಮಡಿಕೇರಿ: ಕರ್ನಾಟಕದಲ್ಲಿ ಅತಿ ಕಡಿಮೆ ಜನಸಂಖ್ಯೆಯುಳ್ಳ ಜಿಲ್ಲೆ ಯಾವುದು? ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುವ ಎಲ್ಲರಿಗೂ ಇದರ ಉತ್ತರ ಕಂಠಪಾಠ. ಅದು ಕೊಡಗು. 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 5,54,519. ಚದರ ಕಿಲೋಮೀಟರಿಗೆ 135 ಜನ. ರಾಜ್ಯದ ಸರಾಸರಿ 319. ಜನಸಾಂದ್ರತೆಯಲ್ಲಿಯೂ ಕೊಡಗಿನದೇ ಕೊನೆಯ ಸ್ಥಾನ.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಇದೇ ಅಂಕಿಯನ್ನು 2001ರ ಗಣತಿಯ ಪಕ್ಕದಲ್ಲಿಟ್ಟು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಆಗ ಇದ್ದವರು 5,48,561 ಮಂದಿ. ಹತ್ತು ವರ್ಷಗಳಲ್ಲಿ ಹೆಚ್ಚಿದ್ದು ಕೇವಲ 5,958. ಅದೇ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆಗೆ 30 ಲಕ್ಷಕ್ಕೂ ಅಧಿಕ ಜನ ಸೇರಿದರು. ಲೆಕ್ಕ ಹಾಕಿದರೆ, ಕೊಡಗು ಹತ್ತು ವರ್ಷಗಳಲ್ಲಿ ಬೆಳೆದಷ್ಟನ್ನು ಬೆಂಗಳೂರು ಸರಾಸರಿ ಒಂದೇ ವಾರದಲ್ಲಿ ಬೆಳೆದಿತ್ತು. ಇನ್ನೂ ವಿಚಿತ್ರವೆಂದರೆ ಆ ಹತ್ತು ವರ್ಷಗಳಲ್ಲಿ ಜಿಲ್ಲೆಯ ಪುರುಷರ ಸಂಖ್ಯೆ ಹೆಚ್ಚಲೇ ಇಲ್ಲ. 2,74,831 ಇದ್ದದ್ದು 2,74,608ಕ್ಕೆ ಇಳಿಯಿತು. ಹೆಚ್ಚಿದವರೆಲ್ಲ ಮಹಿಳೆಯರು. ಸಾವಿರ ಪುರುಷರಿಗೆ 996 ಇದ್ದ ಮಹಿಳೆಯರ ಪ್ರಮಾಣ 1,019ಕ್ಕೆ ಏರಿತು.

ಒಂದು ಜಿಲ್ಲೆಯ ಜನಸಂಖ್ಯೆ ನಿಂತಲ್ಲೇ ನಿಂತರೆ ಆಗುವುದೇನು? ಜನಸಂಖ್ಯಾ ಸ್ಫೋಟದ ಬಗ್ಗೆ ಪಾಠ ಓದಿ ಬೆಳೆದವರಿಗೆ ಇದು ಒಳ್ಳೆಯ ಸುದ್ದಿಯೆಂದೇ ತೋರಬಹುದು. ಆದರೆ ಶಾಸಕರ ಸಂಖ್ಯೆಯಿಂದ ಹಿಡಿದು ಆಸ್ಪತ್ರೆಯವರೆಗೆ ಬಹುಪಾಲು ಸವಲತ್ತುಗಳು ತಲೆಲೆಕ್ಕದ ಮೇಲೆಯೇ ಹಂಚಿಕೆಯಾಗುವ ವ್ಯವಸ್ಥೆಯಲ್ಲಿ ಕೊಡಗು ಈಗಾಗಲೇ ಒಂದು ಬಾರಿ ಬೆಲೆ ತೆತ್ತಿದೆ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನಾಂಕವೆಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಆದ್ದರಿಂದ ಈ ಐದೂವರೆ ಲಕ್ಷದ ಹಿಂದಿರುವ ನೆಲ ಮತ್ತು ಜನರ ಲೆಕ್ಕವನ್ನು ಮತ್ತೊಮ್ಮೆ ಬಿಡಿಸಿ ನೋಡಬೇಕಾಗಿದೆ.

ಘಟ್ಟದ ಬೆನ್ನಿನ ಮೇಲೆ

ಕೊಡಗಿನ ವಿಸ್ತೀರ್ಣ 4,102 ಚದರ ಕಿ.ಮೀ. ಬೆಂಗಳೂರು ನಗರ ಜಿಲ್ಲೆಯ ಹೆಚ್ಚೂಕಡಿಮೆ ಎರಡರಷ್ಟು. ಉತ್ತರಕ್ಕೆ ಹಾಸನ, ಪೂರ್ವಕ್ಕೆ ಮೈಸೂರು, ವಾಯವ್ಯಕ್ಕೆ ದಕ್ಷಿಣ ಕನ್ನಡ. ಪಶ್ಚಿಮ ಹಾಗೂ ದಕ್ಷಿಣದಲ್ಲಿ ಕೇರಳದ ಕಾಸರಗೋಡು, ಕಣ್ಣೂರು ಮತ್ತು ವಯನಾಡು ಜಿಲ್ಲೆಗಳು. ಪಶ್ಚಿಮ ಘಟ್ಟದ ಏಣು ಜಿಲ್ಲೆಯ ಪಶ್ಚಿಮ ಅಂಚಿನುದ್ದಕ್ಕೂ ಹಾದುಹೋಗುತ್ತದೆ. ಅಲ್ಲಿಂದ ಕರಾವಳಿಯ ಕಡೆಗೆ ಕಡಿದಾದ ಇಳಿಜಾರು. ಪೂರ್ವಕ್ಕೆ ಮೆಲ್ಲಮೆಲ್ಲನೆ ತಗ್ಗುತ್ತಾ ಕುಶಾಲನಗರದ ಬಯಲನ್ನು ಸೇರುವ ಗುಡ್ಡಗಳು. ಜಿಲ್ಲೆಯ ಅತಿ ಎತ್ತರದ ಶಿಖರ 1,748 ಮೀಟರ್‌ಗಳ ತಡಿಯಂಡಮೋಳ್. ಉತ್ತರದ ತುದಿಯಲ್ಲಿ ಪುಷ್ಪಗಿರಿ, ದಕ್ಷಿಣದ ತುದಿಯಲ್ಲಿ ಬ್ರಹ್ಮಗಿರಿ. ಇವೆರಡರ ನಡುವೆ ಸಮತಟ್ಟಾದ ನೆಲ ಸಿಗುವುದು ಗುಡ್ಡಗಳ ಸಂದಿನ ಕಿರಿದಾದ ಗದ್ದೆಬಯಲುಗಳಲ್ಲಿ ಮಾತ್ರ.

ಮಳೆಯನ್ನು ಕೊಡಗಿನ ಬೆಳೆಗಾರರು ಇಂದಿಗೂ ಇಂಚು ಮತ್ತು ಸೆಂಟ್‌ಗಳಲ್ಲಿಯೇ ಅಳೆಯುತ್ತಾರೆ. ತೋಟದ ಮನೆಯ ಅಂಗಳದಲ್ಲಿ ಮಳೆಮಾಪಕ ಇಟ್ಟು, ಪ್ರತಿದಿನ ಬೆಳಿಗ್ಗೆ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಅನೇಕ ಕುಟುಂಬಗಳಲ್ಲಿದೆ. ಹಾಗೆ ಅಳೆದ ಮಳೆ ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚನ್ನು ಮೀರುವುದುಂಟು. ಮಡಿಕೇರಿಯಲ್ಲಿ 120 ಇಂಚಿನ ಮೇಲೆ. ಅಲ್ಲಿಂದ ಸುಮಾರು 30 ಕಿ.ಮೀ. ಪೂರ್ವಕ್ಕೆ ಇಳಿದು ಕುಶಾಲನಗರಕ್ಕೆ ಬಂದರೆ 50 ಇಂಚು ತುಂಬುವುದೂ ಕಷ್ಟ. ಒಂದೇ ಜಿಲ್ಲೆ, ಬಸ್ಸಿನಲ್ಲಿ ಎರಡು ಗಂಟೆಯ ಹಾದಿ. ಒಂದು ತುದಿಯಲ್ಲಿ ಮಳೆಗಾಲದ ಮೂರು ತಿಂಗಳು ಬಟ್ಟೆ ಒಣಗುವುದಿಲ್ಲ, ಇನ್ನೊಂದು ತುದಿಯಲ್ಲಿ ಜೋಳ, ಶುಂಠಿಗೆ ನೀರು ಹಾಯಿಸಬೇಕಾಗುತ್ತದೆ.

ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ ಭಾಗಮಂಡಲ, ನಾಪೋಕ್ಲು, ಸಿದ್ದಾಪುರಗಳನ್ನು ದಾಟಿ ಉತ್ತರಕ್ಕೆ ತಿರುಗಿ, ಕುಶಾಲನಗರದ ಬಳಿ ಮೈಸೂರು ಜಿಲ್ಲೆಯ ಗಡಿಯಾಗಿ ಹರಿಯುತ್ತದೆ. ಹಾರಂಗಿ ಅದಕ್ಕೆ ಸೇರುತ್ತದೆ. ಇರ್ಪು ಭಾಗದಿಂದ ಇಳಿಯುವ ಲಕ್ಷ್ಮಣತೀರ್ಥ ನೇರವಾಗಿ ಕೃಷ್ಣರಾಜಸಾಗರದ ಹಿನ್ನೀರನ್ನು ಮುಟ್ಟುತ್ತದೆ. ಬಾರಪೊಳೆ ಮತ್ತು ಪಯಸ್ವಿನಿ ಮಾತ್ರ ಬೆನ್ನು ತಿರುಗಿಸಿ ಪಶ್ಚಿಮಕ್ಕೆ, ಅರಬ್ಬಿ ಸಮುದ್ರದತ್ತ ಹರಿಯುತ್ತವೆ. ಮೈಸೂರಿನ, ಬೆಂಗಳೂರಿನ ನಲ್ಲಿಗಳಲ್ಲಿ ಬರುವ ನೀರಿನ ದೊಡ್ಡ ಪಾಲು ಈ ಗುಡ್ಡಗಳ ಮೇಲೆ ಬಿದ್ದ ಮಳೆಯೇ. ಜೂನ್ ತಿಂಗಳು ಬಂತೆಂದರೆ ಕೊಡಗಿನಲ್ಲಿ ಎಷ್ಟು ಮಳೆಯಾಯಿತೆಂದು ಮಂಡ್ಯದ ರೈತ ವಿಚಾರಿಸುವುದು ಸುಮ್ಮನೆ ಅಲ್ಲ.

ಪ್ರವಾಸಿಗರು ಕೊಡಗಿನದೆಂದೇ ಭಾವಿಸುವ ಬೈಲುಕುಪ್ಪೆಯ ಟಿಬೆಟನ್ ನೆಲೆ ವಾಸ್ತವವಾಗಿ ನದಿಯ ಆಚೆ, ಮೈಸೂರು ಜಿಲ್ಲೆಯಲ್ಲಿದೆ. ಅಲ್ಲಿನ ನಿವಾಸಿಗಳು ಕೊಡಗಿನ ಜನಸಂಖ್ಯೆಯಲ್ಲಿ ಸೇರುವುದಿಲ್ಲ.

ಕಾಡು ಜಿಲ್ಲೆಯ ಇನ್ನೊಂದು ದೊಡ್ಡ ಒಕ್ಕಲು. ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಒಂದು ಭಾಗ, ಬ್ರಹ್ಮಗಿರಿ, ತಲಕಾವೇರಿ ಮತ್ತು ಪುಷ್ಪಗಿರಿ ವನ್ಯಜೀವಿಧಾಮಗಳು, ಮೀಸಲು ಅರಣ್ಯಗಳು, ಇವುಗಳ ಜೊತೆಗೆ ಊರೂರಿಗೆ ಇರುವ 1,200ಕ್ಕೂ ಹೆಚ್ಚು ದೇವರಕಾಡುಗಳು. ಉಳಿದ ನೆಲದಲ್ಲಿ ಬಹುಪಾಲು ಮರಗಳ ನೆರಳಿನ ಕಾಫಿ ತೋಟ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಒಂದೇ ಜಿಲ್ಲೆಯದು. ಕಾಫಿ ತೋಟವೆಂದರೆ ಮನೆಯಿಂದ ಮನೆಗೆ ದೂರ. ಊರೆಂದರೆ ಬಯಲುಸೀಮೆಯಂತೆ ಒತ್ತೊತ್ತಾದ ಬೀದಿಗಳಲ್ಲ. ಗುಡ್ಡಕ್ಕೊಂದು ಮನೆ, ನಡುವೆ ತೋಟ, ಕೆಳಗೆ ಗದ್ದೆ. 2011ರಲ್ಲಿ ಜಿಲ್ಲೆಯ ಶೇ 14.6ರಷ್ಟು ಜನ ಮಾತ್ರ ಪಟ್ಟಣವಾಸಿಗಳಾಗಿದ್ದರು; ರಾಜ್ಯದಲ್ಲಿ ಈ ಪ್ರಮಾಣ ಶೇ 38ನ್ನು ಮೀರಿತ್ತು. ಜಿಲ್ಲಾ ಕೇಂದ್ರವಾದ ಮಡಿಕೇರಿಯಲ್ಲಿ ಇದ್ದವರು 33,381 ಮಂದಿ. ಬೆಂಗಳೂರಿನ ಒಂದು ವಾರ್ಡಿನಷ್ಟು. ಜಿಲ್ಲೆಯೊಳಗೆ ರೈಲು ಹಳಿಯೂ ಇಲ್ಲ.

ಜ್ವರದ ನಾಡು

ಕೊಡಗು ಯಾವಾಗಲೂ ಹೀಗೆ ನಿಧಾನವಾಗಿ ಬೆಳೆದ ನಾಡೇ? ಹಳೆಯ ಗಣತಿಗಳನ್ನು ತೆರೆದರೆ ಅಚ್ಚರಿಯಾಗುತ್ತದೆ. 1901ರಲ್ಲಿ ಇಲ್ಲಿದ್ದವರು 1,80,607 ಮಂದಿ. 1931ಕ್ಕೆ ಆ ಸಂಖ್ಯೆ 1,63,327ಕ್ಕೆ ಕುಸಿಯಿತು. ಮೂವತ್ತು ವರ್ಷಗಳಲ್ಲಿ ಜನ ಹೆಚ್ಚುವುದಿರಲಿ, ಹದಿನೇಳು ಸಾವಿರ ಕಡಿಮೆಯಾದರು. ಮಲೇರಿಯಾ ಇದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಗದ್ದೆಬಯಲಿನ ನಿಂತ ನೀರು, ಕಾಡಂಚಿನ ವಾಸ, ಮುಂಗಾರು ಪೂರ್ವದ ಬಿಸಿಲು ಸೊಳ್ಳೆಗೆ ಹೇಳಿ ಮಾಡಿಸಿದಂತಿತ್ತು. 1918ರ ಇನ್‌ಫ್ಲುಯೆಂಜಾ ಕೂಡ ದೇಶವನ್ನು ಕಾಡಿದಂತೆ ಕೊಡಗನ್ನೂ ಕಾಡಿತು. ಕೀಟ ಮತ್ತು ರೋಗಗಳಿಂದ ಕಾಫಿ ಸೊರಗಿದಾಗ ಹೊರಗಿನಿಂದ ಬರುವ ಕೂಲಿಯವರೂ ಕಡಿಮೆಯಾಗುತ್ತಿದ್ದರು.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಚಿತ್ರ ಬದಲಾಯಿತು. ಡಿಡಿಟಿ ಸಿಂಪಡಣೆಯಿಂದ ಮಲೇರಿಯಾ ಹಿಮ್ಮೆಟ್ಟಿತು. ಕಾಫಿ ಬೆಳೆ ವಿಸ್ತರಿಸಿತು. ಮಲಬಾರಿನಿಂದ, ದಕ್ಷಿಣ ಕನ್ನಡದಿಂದ, ಮೈಸೂರು ಮತ್ತು ತಮಿಳು ಸೀಮೆಯಿಂದ ಜನ ಬಂದು ನೆಲೆಸಿದರು. 1941ರಲ್ಲಿ 1.69 ಲಕ್ಷದಷ್ಟಿದ್ದ ಜನಸಂಖ್ಯೆ 1951ಕ್ಕೆ 2,29,405 ಆಯಿತು. 1961ಕ್ಕೆ 3,22,829. ಆ ಒಂದು ದಶಕದಲ್ಲಿಯೇ ಶೇ 40ರಷ್ಟು ಏರಿಕೆ! ಇಂದು ರಾಜ್ಯದಲ್ಲಿ ಅತಿ ನಿಧಾನವಾಗಿ ಬೆಳೆಯುವ ಜಿಲ್ಲೆಗಳ ಸಾಲಿನಲ್ಲಿ ನಿಂತಿರುವ ಕೊಡಗು ಒಂದು ಕಾಲದಲ್ಲಿ ಹೀಗೆ ದಾಪುಗಾಲು ಹಾಕಿತ್ತು ಎಂಬುದನ್ನು ಮರೆಯುವಂತಿಲ್ಲ. ಅನಂತರ ವೇಗ ತಗ್ಗಿತು. 1991ರಿಂದ 2001ರವರೆಗಿನ ಬೆಳವಣಿಗೆ ಶೇ 12.3. ಮುಂದಿನ ದಶಕದಲ್ಲಿ ಬರೀ ಶೇ 1.09. ಆ ದಶಕದಲ್ಲಿ ಇದಕ್ಕಿಂತ ಹಿಂದಿದ್ದದ್ದು ನೆರೆಯ ಮಲೆನಾಡಿನ ಚಿಕ್ಕಮಗಳೂರು ಮಾತ್ರ. ಅಲ್ಲಿ ಜನಸಂಖ್ಯೆ ಇಳಿದೇ ಹೋಗಿತ್ತು. ಎರಡೂ ಕಾಫಿ ಜಿಲ್ಲೆಗಳು ಎಂಬುದು ಕಾಕತಾಳೀಯವಲ್ಲ. 1990ರ ದಶಕದ ಕೊನೆಯಲ್ಲಿ ಕುಸಿಯತೊಡಗಿದ ಕಾಫಿ ಬೆಲೆ 2000ದ ಮೊದಲ ವರ್ಷಗಳಲ್ಲಿ ನೆಲಕಚ್ಚಿದ್ದಾಗ ತೋಟಗಳು ಕೈಯಾಳುಗಳನ್ನು ಕಡಿಮೆ ಮಾಡಿದವು. ಮನೆಯ ಮಕ್ಕಳು ನಗರದ ಉದ್ಯೋಗದತ್ತ ಮುಖ ಮಾಡಿದರು.

ಹೋದವರು, ಬಂದವರು

ಜನಸಂಖ್ಯೆ ನಿಂತಿದೆ ಎಂದಾಕ್ಷಣ ಜನ ನಿಂತಿದ್ದಾರೆ ಎಂದಲ್ಲ. ಹೊರಗೆ ಹೋಗುವವರು, ಒಳಗೆ ಬರುವವರು ಹೆಚ್ಚುಕಡಿಮೆ ಸರಿದೂಗುವುದರಿಂದ ಒಟ್ಟು ಮೊತ್ತ ಅಲ್ಲಾಡದಂತೆ ಕಾಣುತ್ತದೆ.

ಸೈನ್ಯಕ್ಕೆ ಸೇರುವ ಪರಂಪರೆ ಕೊಡಗಿನಲ್ಲಿ ಹಳೆಯದು. ಅದರ ಜಾಡಿನಲ್ಲೇ ಬೆಂಗಳೂರು, ಮೈಸೂರಿನ ಕಾಲೇಜು, ಅನಂತರ ಐಟಿ ಕಂಪನಿ, ಕೊನೆಗೆ ವಿದೇಶ. ಜಿಲ್ಲೆಯ ಸಾಕ್ಷರತೆ 2011ರಲ್ಲಿ ಶೇ 82.6, ಓದಿದವರಿಗೆ ತಕ್ಕ ಕೆಲಸ ಊರಿನಲ್ಲಿ ಕಡಿಮೆ. ಹುತ್ತರಿಗೋ ಕೈಲ್ ಮುಹೂರ್ತಕ್ಕೋ ಒಕ್ಕದವರೆಲ್ಲ ಐನ್‌ಮನೆಯಲ್ಲಿ ಸೇರುತ್ತಾರೆ. ಅಂಗಳದ ತುಂಬ ಬೆಂಗಳೂರು ನೋಂದಣಿಯ ಕಾರುಗಳು. ಎರಡು ದಿನ ಕಳೆದರೆ ಮತ್ತೆ ವಯಸ್ಸಾದ ಇಬ್ಬರು, ಒಂದು ನಾಯಿ. ಗದ್ದೆ ನಾಟಿಗೆ ಆಳು ಸಿಗದೆ, ಸಿಕ್ಕರೂ ಕೂಲಿ ಗಿಟ್ಟದೆ, ಅನೇಕ ಬಯಲುಗಳು ಪಾಳು ಬಿದ್ದಿವೆ. ಕೆಲವು ಶುಂಠಿಗೆ, ಕೆಲವು ಅಡಿಕೆಗೆ, ರಸ್ತೆಬದಿಯವು ನಿವೇಶನಕ್ಕೆ ತಿರುಗಿವೆ. ಭತ್ತದ ಗದ್ದೆ ಬರಿಯ ಬೆಳೆಯಲ್ಲ, ಮಳೆನೀರನ್ನು ಹಿಡಿದು ನಿಲ್ಲಿಸುವ ಪಾತ್ರೆ ಕೂಡ. ಕಾವೇರಿಯ ಬೇಸಿಗೆ ಹರಿವಿನ ಬಗ್ಗೆ ಚಿಂತಿಸುವವರು ಈ ಪಾಳುಗದ್ದೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಭಾಷೆಯ ಅಂಕಿಗಳಲ್ಲಿ ಇದೇ ಕಥೆಯ ಇನ್ನೊಂದು ಮುಖವಿದೆ. ಕೊಡವ ತಕ್ಕನ್ನು ತಾಯ್ನುಡಿ ಎಂದು ಬರೆಸಿದವರು 2001ರಲ್ಲಿ ದೇಶದಾದ್ಯಂತ 1,66,187 ಮಂದಿ. 2011ರಲ್ಲಿ 1,13,857. ಹತ್ತು ವರ್ಷಗಳಲ್ಲಿ ಮೂರನೇ ಒಂದರಷ್ಟು ಇಳಿಕೆ. ಅಷ್ಟೂ ಜನ ಭಾಷೆಯನ್ನು ಮರೆತರೆಂದು ಹೇಳಲಾಗದು. ಗಣತಿದಾರರು ಕೇಳಿದಾಗ ಯಾವ ಹೆಸರು ಹೇಳಿದರು, ಅದನ್ನು ಯಾವ ಭಾಷೆಯ ಖಾನೆಗೆ ಸೇರಿಸಲಾಯಿತು ಎಂಬುದರ ಮೇಲೂ ಈ ಅಂಕಿ ಅವಲಂಬಿಸಿದೆ. ಆದರೂ ಅಳಿವಿನಂಚಿನ ಭಾಷೆಗಳ ಯುನೆಸ್ಕೊ ಪಟ್ಟಿಯಲ್ಲಿ ಈ ನುಡಿಯ ಹೆಸರಿರುವುದು ಸಣ್ಣ ಮಾತಲ್ಲ. ಕೊಡಗಿನಲ್ಲಿ ಕನ್ನಡ, ಮಲಯಾಳಂ, ಕೊಡವ, ತುಳು, ಅರೆಭಾಷೆ, ತಮಿಳು, ಎರವ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಯಾವುದೇ ಒಂದು ತಾಯ್ನುಡಿಯವರು ಇಲ್ಲಿ ಅರ್ಧಕ್ಕಿಂತ ಹೆಚ್ಚಿಲ್ಲ. ಕೊಡಗು ಎಂದರೆ ಕೊಡವರು ಮಾತ್ರ ಎಂದು ತಿಳಿದಿರುವ ಹೊರಗಿನವರಿಗೆ ಇದು ಹೊಸ ವಿಷಯವಾಗಬಹುದು.

ಬರುವವರ ಕಥೆ ಲೈನ್ ಮನೆಗಳಲ್ಲಿದೆ. ತೋಟದ ಮೂಲೆಯಲ್ಲಿ ಸಾಲಾಗಿ ಕಟ್ಟಿದ, ಒಂದೊಂದು ಕುಟುಂಬಕ್ಕೆ ಒಂದೆರಡು ಕೋಣೆಯ ಈ ಮನೆಗಳಲ್ಲಿ ಹಿಂದೆ ತಮಿಳು, ಮಲಯಾಳಂ, ತುಳು ಕೇಳಿಸುತ್ತಿತ್ತು. ಕಳೆದ ಒಂದೂವರೆ ಎರಡು ದಶಕಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಕಡೆಯ ಕಾರ್ಮಿಕರು ಹೆಚ್ಚಾಗಿದ್ದಾರೆ. ಊರಿನ ಯುವಕರು ತೋಟದ ಕೆಲಸ ಬಿಟ್ಟ ಜಾಗವನ್ನು ತುಂಬಿದವರು ಅವರು.

ಇವರೆಲ್ಲರಿಗಿಂತ ಮೊದಲಿನಿಂದ ಇಲ್ಲಿರುವವರು ಎರವರು, ಜೇನುಕುರುಬರು, ಕುಡಿಯರು. ಜಿಲ್ಲೆಯ ಜನರಲ್ಲಿ ಹತ್ತಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. ತೋಟವನ್ನು ನಂಬಿ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಬದುಕಿದ ಅನೇಕ ಎರವ ಕುಟುಂಬಗಳಿಗೆ ಸ್ವಂತದ್ದೆಂಬ ಅಂಗೈಯಗಲ ಜಾಗವಿಲ್ಲ. ಮನೆ ಮಾಲೀಕರದು, ವಿಳಾಸವೂ ಮಾಲೀಕರದು. ಪಡಿತರ ಚೀಟಿ, ಗುರುತಿನ ಚೀಟಿ ಮಾಡಿಸುವುದೇ ಒಂದು ಹೋರಾಟ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ನೂರಾರು ಆದಿವಾಸಿ ಕುಟುಂಬಗಳನ್ನು ತೆರವುಗೊಳಿಸಿದಾಗ ರಾಜ್ಯದ ಗಮನ ಇತ್ತ ಹರಿಯಿತು. ಅವರಲ್ಲಿ ಅನೇಕರು ಲೈನ್ ಮನೆಗಳಿಂದ ಹೊರಬಂದವರು. ಅನಂತರ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಕಲ್ಪಿಸಲಾಯಿತು. ಚದರ ಕಿಲೋಮೀಟರಿಗೆ 135 ಜನರಿರುವ ಜಿಲ್ಲೆಯಲ್ಲಿ ಮನೆ ಕಟ್ಟಲು ನೆಲವಿಲ್ಲದವರು ಇಷ್ಟೊಂದು ಜನ ಇದ್ದಾರೆಂದರೆ, ಸಾಂದ್ರತೆಯ ಸರಾಸರಿ ಎಷ್ಟನ್ನು ಮರೆಮಾಚುತ್ತದೆ ಎಂಬುದು ಅರ್ಥವಾಗುತ್ತದೆ. ಕಾಡು ಅರಣ್ಯ ಇಲಾಖೆಯದು, ಗುಡ್ಡ ತೋಟದವರದು, ಬಯಲು ಗದ್ದೆಯವರದು. ಭೂರಹಿತರಿಗೆ ಉಳಿಯುವುದು ಪೈಸಾರಿ ಎಂದು ಕರೆಯುವ ಸರ್ಕಾರಿ ಜಾಗದ ಅಂಚು, ಇಲ್ಲವೇ ಹೊಳೆದಂಡೆ.

ಆ ಎರಡು ಜಾಗಗಳೇ ಮಳೆಗಾಲದಲ್ಲಿ ಮೊದಲು ಅಪಾಯಕ್ಕೆ ಸಿಲುಕುವುದು. ಸಿದ್ದಾಪುರ ಸಮೀಪದ ಕರಡಿಗೋಡು ಹೊಳೆದಂಡೆಯ ಮನೆಗಳಿಗೆ ಕಾವೇರಿ ನುಗ್ಗುವುದು ಬಹುತೇಕ ಪ್ರತಿ ಮಳೆಗಾಲದ ಸುದ್ದಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಭಾಗಗಳಲ್ಲಿ ಬರೆ ಕುಸಿದು ತೋಟ, ಮನೆ, ರಸ್ತೆಗಳು ಒಟ್ಟಿಗೆ ಜಾರಿಹೋದವು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. ಮೂರು ವರ್ಷ, ಮೂರೂ ಆಗಸ್ಟ್ ತಿಂಗಳು. ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಸಂತ್ರಸ್ತರಿಗಾಗಿ ಹೊಸ ಬಡಾವಣೆಗಳು ಎದ್ದವು. ಮನೆ ಸಿಕ್ಕಿತು, ತೋಟ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು, ಅಥವಾ ಉಳಿಯಲೇ ಇಲ್ಲ. 2011ರ ಅನಂತರದ ಈ ಸ್ಥಳಾಂತರ ಯಾವ ಗಣತಿಯ ಪುಸ್ತಕದಲ್ಲೂ ಇನ್ನೂ ದಾಖಲಾಗಿಲ್ಲ.

ಮೂರು ಎರಡಾದ ಲೆಕ್ಕ

ಸ್ವಾತಂತ್ರ್ಯಾನಂತರ ಕೊಡಗು ‘ಸಿ’ ದರ್ಜೆಯ ಪ್ರತ್ಯೇಕ ರಾಜ್ಯವಾಗಿತ್ತು. 1952ರ ಚುನಾವಣೆಯಲ್ಲಿ ಅದರ ವಿಧಾನಸಭೆಗೆ 24 ಸದಸ್ಯರು ಆಯ್ಕೆಯಾದರು. ಎಂದರೆ ಒಬ್ಬ ಶಾಸಕನಿಗೆ ಹತ್ತು ಸಾವಿರಕ್ಕಿಂತ ಕಡಿಮೆ ಜನ. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನಗೊಂಡು ಕೊಡಗು ಒಂದು ಜಿಲ್ಲೆಯಾಯಿತು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಹೋಲಿಕೆ ಇಂದಿಗೆ ಅನ್ವಯಿಸದು, ನಿಜ. ಆದರೆ 2004ರ ವಿಧಾನಸಭಾ ಚುನಾವಣೆಯವರೆಗೂ ಮಡಿಕೇರಿ, ವಿರಾಜಪೇಟೆ ಮತ್ತು ಸೋಮವಾರಪೇಟೆ ಎಂಬ ಮೂರು ಕ್ಷೇತ್ರಗಳಿದ್ದವು. 2008ರ ಚುನಾವಣೆಗೆ ಎರಡೇ ಉಳಿದವು. ಸೋಮವಾರಪೇಟೆ ಕ್ಷೇತ್ರ ನಕ್ಷೆಯಿಂದ ಮರೆಯಾಯಿತು. ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿದ್ದ ಜಿಲ್ಲೆ ಮೈಸೂರಿಗೆ ಸೇರಿತು.

ಇದರ ಹಿಂದಿನ ಲೆಕ್ಕ ಬಹಳ ಸರಳ. ಕ್ಷೇತ್ರ ಪುನರ್ವಿಂಗಡಣಾ ಆಯೋಗ ಆಧಾರವಾಗಿಟ್ಟುಕೊಂಡಿದ್ದು 2001ರ ಜನಗಣತಿ. ರಾಜ್ಯದ 5.28 ಕೋಟಿ ಜನರನ್ನು 224 ಸ್ಥಾನಗಳಿಗೆ ಹಂಚಿದರೆ ಕ್ಷೇತ್ರವೊಂದಕ್ಕೆ ಸರಾಸರಿ 2.36 ಲಕ್ಷ. ಕೊಡಗಿನ 5.48 ಲಕ್ಷವನ್ನು ಅದರಿಂದ ಭಾಗಿಸಿದರೆ 2.32. ಎರಡಕ್ಕೆ ಹತ್ತಿರ, ಮೂರಕ್ಕೆ ದೂರ. ಗಣಿತದಲ್ಲಿ ತಪ್ಪಿಲ್ಲ. ಆದರೆ ನೆಲದ ಮೇಲೆ ಅದರ ಅರ್ಥವೇನು? ಒಂದು ಕ್ಷೇತ್ರಕ್ಕೆ ಸರಾಸರಿ 2,051 ಚದರ ಕಿ.ಮೀ. ಸುಮಾರು 2,190 ಚದರ ಕಿ.ಮೀ. ವಿಸ್ತೀರ್ಣದ ಬೆಂಗಳೂರು ನಗರ ಜಿಲ್ಲೆಯಲ್ಲಿ 28 ಶಾಸಕರಿದ್ದಾರೆ. ಹಾಸನದ ಗಡಿಯ ಶನಿವಾರಸಂತೆಯೂ ಮಡಿಕೇರಿ ಪಟ್ಟಣವೂ ಒಂದೇ ಕ್ಷೇತ್ರ. ಮಳೆಗಾಲದಲ್ಲಿ ಒಂದು ಬರೆ ಕುಸಿದರೆ ಕ್ಷೇತ್ರದ ಒಂದು ಭಾಗದಿಂದ ಇನ್ನೊಂದಕ್ಕೆ ಸುತ್ತಿ ಬಳಸಿ ಹೋಗಬೇಕು.

2011ರ ಅಂಕಿ ಇಟ್ಟು ನೋಡಿದರೆ ಪರಿಸ್ಥಿತಿ ಇನ್ನೂ ಬಿಗಿ. ರಾಜ್ಯದ ಸರಾಸರಿ 2.73 ಲಕ್ಷಕ್ಕೆ ಏರಿತು. ಕೊಡಗಿನ ಪಾಲು 2.03ಕ್ಕೆ ಇಳಿಯಿತು. ಸ್ಥಾನಗಳು 224 ಆಗಿಯೇ ಉಳಿದು, ಕೊಡಗು ಐದೂವರೆ ಲಕ್ಷದಲ್ಲೇ ನಿಂತರೆ, ರಾಜ್ಯದ ಜನಸಂಖ್ಯೆ 6.21 ಕೋಟಿ ದಾಟಿದ ಕ್ಷಣವೇ ಈ ಪಾಲು ಎರಡಕ್ಕಿಂತ ಕೆಳಗಿಳಿಯುತ್ತದೆ. 2011ರಲ್ಲಿಯೇ ರಾಜ್ಯ 6.11 ಕೋಟಿಯಲ್ಲಿತ್ತು. ಹಾಗೆಂದು ಒಂದು ಸ್ಥಾನ ತಕ್ಷಣ ಹೋಗಿಬಿಡುತ್ತದೆ ಎಂದಲ್ಲ, ಸರಾಸರಿಗಿಂತ ತುಸು ಹೆಚ್ಚು ಕಡಿಮೆ ಇರಲು ಅವಕಾಶವಿದೆ. ಅಂತರ ತೀರಾ ಹೆಚ್ಚಿದರೆ ಮಾತ್ರ ನೆರೆಯ ಜಿಲ್ಲೆಯ ಒಂದಿಷ್ಟು ಊರುಗಳನ್ನು ಸೇರಿಸಿ ಭರ್ತಿ ಮಾಡುವ ಪ್ರಶ್ನೆ ಏಳುತ್ತದೆ. 2001ರಲ್ಲಿ ಸಂಸತ್ತು ಅಂಗೀಕರಿಸಿ 2002ರಲ್ಲಿ ಜಾರಿಗೆ ಬಂದ ಸಂವಿಧಾನದ 84ನೇ ತಿದ್ದುಪಡಿ, 2026ರ ನಂತರ ನಡೆಯುವ ಮೊದಲ ಜನಗಣತಿಯವರೆಗೆ ಸ್ಥಾನಗಳ ಸಂಖ್ಯೆಯನ್ನು ಹಿಡಿದಿಟ್ಟಿತ್ತು. ಆ ಮೊದಲ ಗಣತಿಯೇ 2027ರದು. ಉತ್ತರ ಭಾರತ ಮತ್ತು ದಕ್ಷಿಣ ಭಾರತದ ನಡುವೆ ಲೋಕಸಭಾ ಸ್ಥಾನಗಳ ಹಂಚಿಕೆ ಹೇಗಿರಬೇಕೆಂಬ ಚರ್ಚೆಯಲ್ಲಿ ಕರ್ನಾಟಕ ಹೇಳುವ ದೂರು, ಜನಸಂಖ್ಯೆ ನಿಯಂತ್ರಿಸಿದವರಿಗೆ ದಂಡವೇ ಎಂಬುದು. ರಾಜ್ಯದೊಳಗೆ ಅದೇ ಮಾತನ್ನು ಬೆಂಗಳೂರಿನ ಎದುರು ನಿಂತು ಕೇಳುವ ಹಕ್ಕು ಕೊಡಗಿಗೂ ಇದೆ.

ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸರ್ಕಾರಕ್ಕೆ ಹೊಸದೇನಲ್ಲ. ಬಯಲಿನಲ್ಲಿ 30 ಸಾವಿರ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಾದರೆ ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20 ಸಾವಿರಕ್ಕೆ ಒಂದು ಎಂಬುದು ರಾಷ್ಟ್ರೀಯ ಮಾನದಂಡ. ರಾಜ್ಯದ ಪಂಚಾಯತ್ ರಾಜ್ ಕಾನೂನು ಕೂಡ ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5ರಿಂದ 7 ಸಾವಿರ ಜನಸಂಖ್ಯೆ ನಿಗದಿಪಡಿಸಿ, ಮಲೆನಾಡಿನ ಜಿಲ್ಲೆಗಳಿಗೆ ಆ ಮಿತಿಯನ್ನು 2,500ಕ್ಕೆ ಸಡಿಲಿಸಿತ್ತು. ಐದೂವರೆ ಲಕ್ಷದ ಕೊಡಗಿನಲ್ಲಿ ನೂರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಿರುವುದು ಈ ಕಾರಣದಿಂದಲೇ. ಮೂರಿದ್ದ ತಾಲ್ಲೂಕುಗಳು ಕುಶಾಲನಗರ ಮತ್ತು ಪೊನ್ನಂಪೇಟೆ ಸೇರಿ ಈಗ ಐದಾಗಿವೆ. ಆಡಳಿತ ಜನರ ಹತ್ತಿರ ಬಂದಿತು, ಪ್ರಾತಿನಿಧ್ಯ ದೂರ ಹೋಯಿತು. ಕ್ಷೇತ್ರ ಪುನರ್ವಿಂಗಡಣಾ ಕಾಯಿದೆ ಭೌಗೋಳಿಕ ಲಕ್ಷಣ, ಸಂಪರ್ಕ ಸೌಲಭ್ಯ, ಸಾರ್ವಜನಿಕ ಅನುಕೂಲಗಳನ್ನೂ ಗಮನಿಸಬೇಕೆಂದು ಹೇಳುತ್ತದೆ. ಆದರೆ ಗಡಿ ಎಲ್ಲಿ ಹಾಯಬೇಕೆಂಬುದಕ್ಕೆ ಅವು ನೆರವಾಗುತ್ತವೆಯೇ ಹೊರತು, ಜಿಲ್ಲೆಗೆ ಎಷ್ಟು ಸ್ಥಾನ ಎಂಬುದನ್ನು ಕೊನೆಗೆ ನಿರ್ಧರಿಸುವುದು ತಲೆಲೆಕ್ಕವೇ.

ಯಾರನ್ನು ಎಲ್ಲಿ ಎಣಿಸುವುದು?

ಕೊಡಗಿನ ಮಟ್ಟಿಗೆ ತಲೆಲೆಕ್ಕದ ವಿಧಾನವೂ ಮುಖ್ಯ. ಜನಗಣತಿಯಲ್ಲಿ ಸ್ವಂತ ಊರು ಯಾವುದೆಂಬುದು ಎಣಿಕೆಯ ಆಧಾರವಲ್ಲ. ಗಣತಿಯ ಅವಧಿಯಲ್ಲಿ ವ್ಯಕ್ತಿ ಎಲ್ಲಿ ವಾಸವಿದ್ದಾನೆ ಎಂಬುದೇ ಆಧಾರ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಮತವನ್ನು ವಿರಾಜಪೇಟೆಯಲ್ಲಿ ಉಳಿಸಿಕೊಂಡಿರುವವರು ಗಣತಿಯಲ್ಲಿ ಬೆಂಗಳೂರಿಗರು. ಕಾಫಿ ಕೊಯ್ಲಿಗೆ ಬಂದು ಗಣತಿಯ ಅವಧಿಯುದ್ದಕ್ಕೂ ಲೈನ್ ಮನೆಯಲ್ಲೇ ಉಳಿದ ಅಸ್ಸಾಮಿನ ಕಾರ್ಮಿಕ ಕೊಡಗಿನವನು. ಅವನಿಗೆ ಇಲ್ಲಿ ಮತವಿಲ್ಲ, ಆದರೆ ಕ್ಷೇತ್ರದ ಗಾತ್ರ ನಿರ್ಧರಿಸುವ ಸಂಖ್ಯೆಯಲ್ಲಿ ಅವನೂ ಒಬ್ಬ.

2027ರ ಎಣಿಕೆ ನಿಗದಿಯಾಗಿರುವುದು ಫೆಬ್ರುವರಿಯಲ್ಲಿ. ಉತ್ತರ ಕೊಡಗಿನಲ್ಲಿ ಅರೇಬಿಕಾ ಕೊಯ್ಲು ಅಷ್ಟು ಹೊತ್ತಿಗೆ ಮುಗಿದಿರುತ್ತದೆ. ದಕ್ಷಿಣದಲ್ಲಿ ರೊಬಸ್ಟಾ ಕೊಯ್ಲು ಇನ್ನೂ ನಡೆದಿರುತ್ತದೆ. ಹೂಮಳೆ ಬೇಗ ಬರಬಹುದೆಂಬ ಆತಂಕದಲ್ಲಿ ತೋಟಗಳು ಆದಷ್ಟು ಆಳುಗಳನ್ನು ಹಚ್ಚಿರುತ್ತವೆ. ಲೈನ್ ಮನೆಗಳು ವರ್ಷದಲ್ಲೇ ಹೆಚ್ಚು ತುಂಬಿರುವ ವಾರಗಳವು. ಬೆಳಿಗ್ಗೆ ಎಂಟರೊಳಗೆ ಎಲ್ಲರೂ ತೋಟಕ್ಕೆ ಹೊರಟಿರುತ್ತಾರೆ, ಸಂಜೆ ಕತ್ತಲಾದ ಮೇಲೆ ಕಾಡಂಚಿನ ದಾರಿಗಳಲ್ಲಿ ಆನೆಯ ಭಯ. ನಡುವಿನ ಆ ಒಂದೆರಡು ಗಂಟೆಗಳಲ್ಲಿ ಗಣತಿದಾರರು ಅಲ್ಲಿಗೆ ತಲುಪಬೇಕು.